ಓಬಳರಾಜುವಿನ ಗಾಡಿಗೊಂದು ಗೂಡು

ಮೊದಲು ಕೊಟ್ಟಿಗೆ, ಆಮೇಲೆ ಎಮ್ಮೆ. ಇದು ನನ್ನ ಮಾತಲ್ಲ, ನಮ್ಮಪ್ಪನದು. ಅಪ್ಪ ಬದುಕಿದ್ದರೆ ಎದುರು ಮನೆಯ ಓಬಳರಾಜುವನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಕಿವಿ ಹಿಂಡಿ ಈ ಮಾತು ಹೇಳುತ್ತಿದ್ದ. ನಾನು ಹೇಳಲಿಲ್ಲವೆಂದಲ್ಲ, ಹೇಳಿದೆ. ಆದರೆ ನನ್ನದು ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ನಾನು ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲ, ನಿಂತಾಗ ಕೇಳುವುದಕ್ಕೆ ಯಾರೂ ಇರುವುದಿಲ್ಲ. ಹೀಗಾಗಿ ಓಬಳರಾಜು ಮೊದಲು ಗಾಡಿ ತಂದ, ಆಮೇಲೆ ಅದನ್ನು ಎಲ್ಲಿ ನಿಲ್ಲಿಸುವುದೆಂದು ತಲೆ ಕೆರೆದುಕೊಂಡ.

ಓಬಳರಾಜು ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ನಮ್ಮೂರು ಮಧುಗಿರಿಯಿಂದ ಪಾವಗಡ, ಪಾವಗಡದಿಂದ ಮಧುಗಿರಿ, ಬೇಸರವಾದರೆ ಸಿರಾ. ಲೋಕದವರನ್ನೆಲ್ಲ ಎಲ್ಲಿಗೆ ಎಲ್ಲಿಗೆ ಎಂದು ಕೇಳಿ ಕೇಳಿ ಕಳಿಸಿದ ತನ್ನನ್ನು, ನೀನು ಎಲ್ಲಿಗಪ್ಪಾ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲವೆಂಬುದು ಅವನ ಕೊರಗು. ನಿವೃತ್ತನಾಗಿ ತಿಂಗಳು ತುಂಬುವುದರೊಳಗೆ ಬೆಂಗಳೂರಿಗೆ ಹೋಗಿ, ಬಾಗಿಲು ಮುಚ್ಚಿದ ಯಾವುದೋ ಪ್ರವಾಸದ ಕಂಪನಿಯಿಂದ ಒಂದು ಕ್ಯಾರವಾನ್ ಕೊಂಡು, ತಾನೇ ಓಡಿಸಿಕೊಂಡು ಬಂದ. ಅಭ್ಯಾಸಬಲ ನೋಡಿ, ಗೇರ್ ಹಾಕುವ ಮುಂಚೆ ಒಂದು ಸಲ ವಿಜಿಲ್ ಊದದಿದ್ದರೆ ಅವನಿಗೆ ಗಾಡಿ ಮುಂದಕ್ಕೇ ಹೋಗುತ್ತಿರಲಿಲ್ಲ.

ಗಾಡಿಯ ಒಳಗೆ ಗ್ಯಾಸ್ ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಮಡಚುವ ಮೇಜು, ಮಲಗಲು ಹಾಸಿಗೆ, ಕೊನೆಯಲ್ಲಿ ಕಕ್ಕಸು. ನೆತ್ತಿಯ ಮೇಲೆ ಏಸಿಯದೊಂದು ಗೂನು. ಬೀದಿಗೆ ಬೀದಿಯೇ ನೋಡಲು ಬಂತು. ಓಬಳರಾಜುವಿನ ಅತ್ತಿಗೆ ಗಂಗಲಕ್ಷ್ಮಿ ಒಳಗೆ ಇಣುಕಿ ಮೂಗಿನ ಮೇಲೆ ಬೆರಳಿಟ್ಟಳು.

"ಒಲೆ ಪಕ್ದಲ್ಲೇ ಕಕ್ಕಸಾ! ಇದ್ಯಾವ ಸೀಮೆ ಗಾಡಿಯಮ್ಮಾ!"

ಅಣ್ಣ ಕದರಪ್ಪ ಮಾತ್ರ ಗಂಭೀರವಾಗಿ ಗಾಡಿಯ ಸುತ್ತ ಒಂದು ಸುತ್ತು ಬಂದು, ಹುಣಸೆಹಣ್ಣಿನ ಮೂಟೆಯನ್ನು ಅದುಮಿ ನೋಡುವಂತೆ ಟಯರನ್ನು ಅದುಮಿ ನೋಡಿದ. ಅವನಿಗೆ ಪೇಟೆಯಲ್ಲಿ ಹುಣಸೆಹಣ್ಣಿನ ವ್ಯಾಪಾರ, ಏನನ್ನು ಕಂಡರೂ ಅದುಮುವುದೇ.

"ಚೆನ್ನಾಗೈತೆ ಕಣ್ಲಾ. ಆದ್ರೆ ಬೀದೀಲಿ ನಿಲ್ಲುಸ್ಬ್ಯಾಡ. ನಮ್ಮನೆ ಸಾಮಾನು ನಮ್ಮ ಕಾಂಪೌಂಡ್ ಒಳಗಿರ್ಬೇಕು" ಎಂದು ಅಪ್ಪಣೆ ಕೊಟ್ಟ.

ಈ ಅಪ್ಪಣೆಯ ಹಿಂದೆ ಒಂದು ಹೆಮ್ಮೆಯಿತ್ತು. ನಮ್ಮ ಬೀದಿಯಲ್ಲಿ ಪಾಲಾಗದ ಮನೆಯೆಂದರೆ ಇದೊಂದೇ. ಉಳಿದವರೆಲ್ಲ ಜಗಲಿಯ ನಡುವೆ ಗೋಡೆ ಎಬ್ಬಿಸಿದವರು, ಒಂದು ತೆಂಗಿನ ಮರಕ್ಕೆ ಎರಡು ಕಡೆಯಿಂದ ಏಣಿ ಹಾಕಿದವರು. ಈ ಅಣ್ಣ ತಮ್ಮ, ಅವರ ಹೆಂಡಂದಿರು ಗಂಗಲಕ್ಷ್ಮಿ ಮತ್ತು ಶಿವಲಕ್ಷ್ಮಿ, ಒಟ್ಟು ನಾಲ್ಕು ಜನ ಒಂದೇ ಒಲೆಯ ಊಟ ಮಾಡಿಕೊಂಡಿದ್ದರು. ಇಬ್ಬರಿಗೂ ಹೆಣ್ಣುಮಕ್ಕಳು, ಎಲ್ಲರೂ ಮದುವೆಯಾಗಿ ಹೋಗಿದ್ದಾರೆ. ಎಲ್ಲೇ ಮದುವೆಗೆ ಹೋದರೂ ಜನ ಕದರಪ್ಪನನ್ನು 'ಪಾಲಾಗದ ಮನೆ ಯಜಮಾನರು ಬಂದ್ರು' ಎಂದು ಎದುರುಗೊಂಡು ಮುಂದಿನ ಕುರ್ಚಿ ಕೊಡುತ್ತಿದ್ದರು. ಆ ಕುರ್ಚಿಯೊಂದು ಹೋದರೆ ಕದರಪ್ಪನ ಜೀವವೇ ಹೋದಂತೆ.

ಸರಿ, ಗಾಡಿಗೆ ಗೂಡು ಹುಡುಕುವ ಕೆಲಸ ಶುರುವಾಯಿತು.

ಮೊದಲು ಹಿತ್ತಲಿನ ಕೊಟ್ಟಿಗೆ. ಎಮ್ಮೆ ಮಾರಿ ಖಾಲಿ ಬಿದ್ದಿತ್ತು. ಓಬಳರಾಜು ಟೇಪು ಹಿಡಿದು ಗಾಡಿಯ ಉದ್ದ ಅಳೆದ, ಅಗಲ ಅಳೆದ, ಎರಡೆರಡು ಸಲ ಅಳೆದ. ಎತ್ತರ ಅಳೆಯುವುದು ಮರೆತ. ಗಾಡಿ ಹಿಂದಕ್ಕೆ ಹೋಯಿತು, ವಿಜಿಲ್ ಊದಿತು, ಏಸಿಯ ಗೂನು ಕೊಟ್ಟಿಗೆಯ ತೊಲೆಗೆ ಗುದ್ದಿತು. ಹೆಂಚು ಧಡಧಡ ಉದುರಿದವು. ಗಾಡಿ ಕೊಟ್ಟಿಗೆಯೊಳಗೆ ಹೋಗಲಿಲ್ಲ, ಕೊಟ್ಟಿಗೆಯೇ ಗಾಡಿಯ ಮೇಲೆ ಬಂತು.

ಆಮೇಲೆ ತಾಡಪಾಲು. ಅಂಗಳದಲ್ಲಿ ನಿಲ್ಲಿಸಿ ಮುಸುಕು ಹಾಕಿದರೆ ಸಾಕು ಎಂದು ನಾನೇ ಸಲಹೆ ಕೊಟ್ಟವನು, ಒಪ್ಪಿಕೊಳ್ಳುತ್ತೇನೆ. ಬೆಟ್ಟದ ಕೋತಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಹಾರನ್ ಬಡಿದುಕೊಳ್ಳುವ ಸದ್ದಿಗೆ ಬೀದಿಯೆಲ್ಲ ಎದ್ದು ಬಂದು ನೋಡಿದರೆ, ತಾಡಪಾಲು ಚಿಂದಿಯಾಗಿದೆ, ಡ್ರೈವರ್ ಸೀಟಿನಲ್ಲಿ ಒಂದು ಗಡವ ಕೂತು ಹಾರನ್ ಒತ್ತುತ್ತಿದೆ, ಹಿಂದೆ ಅದರ ಸಂಸಾರವೆಲ್ಲ ಸಾಲಾಗಿ ಕುಳಿತಿದೆ. ಓಬಳರಾಜು ಕೋಲು ಹಿಡಿದು ಓಡಿದವನು, ಬಾಯಿ ತಪ್ಪಿ "ಇಳೀರಿ ಇಳೀರಿ, ಲಾಸ್ಟ್ ಸ್ಟಾಪು" ಎಂದು ಕೂಗಿದ. ಕೋತಿಗಳು ಇಳಿದು ಹೋದವು, ಅದು ಬೇರೆ ಮಾತು.

ಕೊನೆಗೆ ಸಿರಾದಿಂದ ವೆಲ್ಡಿಂಗ್ ಸಾದಿಕ್ ಬಂದ. ಅಂಗಳವನ್ನು ಒಂದು ಕಣ್ಣು ಮುಚ್ಚಿ ನೋಡಿ, ಬೀಡಿ ಹಚ್ಚಿದ.

"ನೋಡಿ ಅಣ್ಣಾ, ಶೆಡ್‌ನಲ್ಲಿ ಮೂರು ನಮೂನೆ ಐತೆ. ನಾಕು ಪೈಪು, ಮ್ಯಾಲೊಂದು ಶೀಟು, ಅದು ಸಾದಾ. ಸುತ್ತಾ ಶೀಟು ಹೊಡುದ್ರೆ ಸ್ಪೆಷಲ್. ಬಾಗ್ಲು, ಕಿಟಕಿ, ಲೈಟು, ನಲ್ಲಿ ಎಲ್ಲಾ ಕೂಡ್ಸಿದ್ರೆ ನವಾಬಿ."

ಸಾದಾ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಓಬಳರಾಜುವಿನ ಮುಖ ಹುಳ್ಳಗಾಯಿತು. ಅವನು ಫೋನಿನಲ್ಲಿ ಫಾರಿನ್ನಿನ ಗ್ಯಾರೇಜುಗಳ ವಿಡಿಯೊ ನೋಡಿ ನೋಡಿ ಪಂಡಿತನಾಗಿದ್ದ.

"ಗಾಡಿಗೆ ಗಾಳಿ ಆಡ್ಬೇಕು ಸಾದಿಕ್ಕು, ಇಲ್ದಿದ್ರೆ ಬೂಷ್ಟು ಹಿಡೀತದೆ. ಕಿಟಕಿ ಮಡಗು. ಟ್ಯಾಂಕಿಗೆ ನೀರು ತುಂಬುಸ್ಬೇಕು, ನಲ್ಲಿ ಮಡಗು. ಕೊಳೆ ನೀರು ಹೋಗಕ್ಕೆ ಚರಂಡಿ ಬೇಕಾ, ಬ್ಯಾಡ್ವಾ?"

"ಬೇಕೇ ಬೇಕು ಅಣ್ಣಾ. ನವಾಬಿ ಅಂದ್ರೆ ಬಿಲ್ಕುಲ್ ಚರಂಡಿ ಇರ್ಬೇಕು" ಎಂದ ಸಾದಿಕ್.

ಶೆಡ್ ಎದ್ದಿತು. ಹಸಿರು ಶೀಟು, ಎರಡು ಕಿಟಕಿ, ನಲ್ಲಿ, ದೀಪ, ನೆಲಕ್ಕೆ ಸಿಮೆಂಟು. ಹಳೆಯ ಗೇಟಿನಿಂದ ಗಾಡಿ ತಿರುಗುವುದಿಲ್ಲವೆಂದು ಪಕ್ಕದ ಓಣಿಯ ಕಡೆಗೆ ಕಾಂಪೌಂಡ್ ಒಡೆದು ಹೊಸ ಗೇಟು ಇಟ್ಟರು. ಸಾದಿಕ್ ತನ್ನ ಖುಷಿಗೆ ಗೇಟಿನ ನೆತ್ತಿಯ ಮೇಲೆ ಕಬ್ಬಿಣದ ಎರಡು ನವಿಲು ಕೂರಿಸಿದ. ನನ್ನ ಮನೆಗೆ ಗೇಟೇ ಇಲ್ಲ, ಅವನ ಗಾಡಿಗೆ ನವಿಲು! ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ನೋಡಿದವರು ಅದನ್ನು ಶೆಡ್ ಎನ್ನುತ್ತಿರಲಿಲ್ಲ, ಮನೆ ಎನ್ನುತ್ತಿದ್ದರು.

ಗಾಡಿಯನ್ನು ಒಳಗೆ ತುಂಬಿಸಿಕೊಳ್ಳಲು ಒಳ್ಳೆಯ ದಿನವೆಂದು ಶುಕ್ರವಾರ ಆರಿಸಿದರು. ಅಂದೇ ಕದರಪ್ಪ, ಗಂಗಲಕ್ಷ್ಮಿ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ತೀರಿಸಲು ಹೊರಟಿದ್ದರು. "ಗಾಡಿ ತಾನೇ, ನೀವೇ ನಿಂಬೆಹಣ್ಣು ತುಳಿಸ್ಕಳ್ರಿ" ಎಂದು ಹೇಳಿ ಬೆಳಿಗ್ಗೆಯ ಬಸ್ಸಿಗೆ ಹೋದರು. ಓಬಳರಾಜು ಚಕ್ರಕ್ಕೆ ನಿಂಬೆಹಣ್ಣಿಟ್ಟ, ವಿಜಿಲ್ ಊದಿದ, ಗೂನು ಎಲ್ಲಿಗೂ ತಾಗದಂತೆ ಗಾಡಿಯನ್ನು ಗೂಡಿಗೆ ಸೇರಿಸಿದ. ಆ ಸಂತೋಷಕ್ಕೆ ಗಾಡಿಯ ಒಲೆಯಲ್ಲಿ ಒಂದು ಲೋಟ ಟೀ ಕುಡಿಯಬೇಕೆನಿಸಿತು. ಇಡೀ ರಾಮಾಯಣಕ್ಕೆ ಕಾರಣ ಈ ಒಂದು ಲೋಟ ಟೀ.

"ತಡೀರಿ, ಹೊಸಾ ಒಲೆ" ಎಂದು ಶಿವಲಕ್ಷ್ಮಿ ಕೈ ಹಿಡಿದಳು. "ಮೊದ್ಲು ನೀರು ಕಾಯ್ಸಬಾರ್ದು. ಹಾಲುಕ್ಲಿ, ಆಮ್ಯಾಕೆ ನಿಮ್ಮ ಟೀ."

ಒಲೆಗೆ ಅರಿಶಿನ ಕುಂಕುಮವಿಟ್ಟು, ಪೂರ್ವಕ್ಕೆ ಮುಖ ಮಾಡಿ ನಿಂತು ಹಾಲುಕ್ಕಿಸಿದಳು. ಹಾಲು ಬುಸುಬುಸು ಉಕ್ಕಿ ಪೂರ್ವಕ್ಕೇ ಚೆಲ್ಲಿತು. ಅವಳು ಕೈಮುಗಿಯುತ್ತಿರುವಾಗ ನವಿಲಿನ ಗೇಟಿನಲ್ಲಿ ಚಿಕ್ಕಕ್ಕ ಪ್ರತ್ಯಕ್ಷಳಾದಳು.

ಚಿಕ್ಕಕ್ಕ ಈ ಅಣ್ಣತಮ್ಮಂದಿರ ಸೋದರತ್ತೆ. ತೋವಿನಕೆರೆಯವಳು. ಹಲ್ಲು ಹೋಗಿದೆ, ಗಂಟಲು ಹೋಗಿಲ್ಲ. ಅವರೆಕಾಯಿ ಚೀಲ ಹೊತ್ತು ಬಂದವಳು ನೋಡಿದ್ದೇನು? ಹೊಸ ಗೇಟು. ಹೊಸ ಮನೆ. ಹೊಸ ಒಲೆ. ಉಕ್ಕಿದ ಹಾಲು. ದೊಡ್ಡವರು ಗಂಡ ಹೆಂಡತಿ ಇಬ್ಬರೂ ನಾಪತ್ತೆ.

ನಮ್ಮ ಕಡೆ ಮನೆ ಪಾಲಾಗುವುದು ಕಾಗದದಲ್ಲಲ್ಲ, ಒಲೆಯಲ್ಲಿ. ಕೋರ್ಟು ಕಚೇರಿಯೆಲ್ಲ ಆಮೇಲಿನ ಶಾಸ್ತ್ರ. ತಮ್ಮನ ಹೆಂಡತಿ ಬೇರೆ ಬಾಗಿಲಲ್ಲಿ, ಬೇರೆ ಒಲೆಯಲ್ಲಿ ಹಾಲುಕ್ಕಿಸಿದಳೆಂದರೆ ಮುಗಿಯಿತು, ಅಂದಿಗೆ ಆ ಮನೆ ಎರಡು. ಇದು ನಮ್ಮ ಬೀದಿಯ ಕೂಸಿಗೂ ಗೊತ್ತು. ಓಬಳರಾಜುವಿಗೂ ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಅದು ಗಾಡಿ, ಗಾಡಿಗೆಲ್ಲಿಯ ಪಾಲು?

"ಒಲೆ ಹೂಡ್ಬುಟ್ರಲ್ಲೋ! ನಮ್ಮಣ್ಣನ ಮನೆ ಒಡ್ದುಬುಟ್ರಲ್ಲೋ!" ಎಂದು ಚಿಕ್ಕಕ್ಕ ಎದೆ ಬಡಿದುಕೊಂಡಳು.

ಓಬಳರಾಜು, ಕೊಟ್ಟಿಗೆ ಮುರಿದುದಕ್ಕೆ ಅತ್ತೆ ಅಳುತ್ತಿದ್ದಾಳೆಂದು ತಿಳಿದ. "ಹೋದ್ರೆ ಹೋಗ್ಲಿ ಬುಡತ್ತೆ, ಹಳೇದು. ಎಷ್ಟು ದಿನ ಅಂತ ಇಟ್ಕಳ್ಳಾದು? ಹೊಸಾದು ಹೆಂಗೈತೆ ನೋಡು ಬಾ."

"ಹಳೇದು ಹೋದ್ರೆ ಹೋಗ್ಲಾ! ಥೂ ನಿನ್ನ!" ಎಂದು ಚಿಕ್ಕಕ್ಕ ಅವರೆಕಾಯಿಯನ್ನೂ ಇಳಿಸದೆ, ನೀರನ್ನೂ ಮುಟ್ಟದೆ, ಬಂದ ಕಾಲಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್‌ಸ್ಟ್ಯಾಂಡಿನಲ್ಲಿ ಇರುವ ಕಂಡಕ್ಟರುಗಳೆಲ್ಲ ಓಬಳರಾಜುವಿನ ಗೆಳೆಯರು. ಚಿಕ್ಕಕ್ಕ ಒಬ್ಬನ ಮುಂದೆ ಕಣ್ಣೀರಿಟ್ಟಳು, ಸುದ್ದಿ ಟಿಕೇಟಿಲ್ಲದೆ ನಾಲ್ಕೂ ದಿಕ್ಕಿಗೆ ಬಸ್ ಹತ್ತಿತು. ಕೊರಟಗೆರೆಗೆ ಮುಟ್ಟುವಾಗ ಅದು 'ಓಬಳರಾಜು ಬೇರೆ ಆದ' ಎಂದಿತ್ತು. ಸಿರಾಕ್ಕೆ ಹೋಗುವಾಗ 'ಬಂಗಲೆ ಕಟ್ಟಿ ಯಾರನ್ನೂ ಕರೆಯದೆ ಗೃಹಪ್ರವೇಶ ಮಾಡಿದ' ಎಂದಾಯಿತು. ಪಾವಗಡ ತಲುಪಿದಾಗ ಅಣ್ಣತಮ್ಮಂದಿರ ಕೈಗೆ ಮಚ್ಚು ಬಂದಿತ್ತು.

ಸಂಜೆ ಗೊರವನಹಳ್ಳಿಯಿಂದ ಬರುವ ಬಸ್ಸಿನಲ್ಲಿ ಕದರಪ್ಪನಿಗೆ ಕಂಡಕ್ಟರೇ ಸೀಟು ಬಿಡಿಸಿಕೊಟ್ಟನಂತೆ. ಭುಜ ಹಿಡಿದು ಕೂರಿಸಿದನಂತೆ. "ಮನಸ್ಸಿಗೆ ಹಚ್ಕಬ್ಯಾಡಿ ಕದರಪ್ಪಣ್ಣ. ತಮ್ಮ ಬೇರೆ ಆದ್ರೆ ಏನಂತೆ, ಯಾವ ಮನೇಲಿ ಆಗಿಲ್ಲ?"

"ಬಸ್ಸಿನ ಸುದ್ದಿ, ಬಸ್ಸಲ್ಲೇ ಬುಟ್ಟು ಇಳೀಬೇಕು" ಎಂದು ಕದರಪ್ಪ ಹೆಂಡತಿಗೆ ಹೇಳಿದನಂತೆ. ಆದರೆ ಮನೆಗೆ ಬಂದವನು ನೆಟ್ಟಗೆ ಶೆಡ್ಡಿಗೆ ಹೋದ. ಒಲೆಯ ಮೇಲೆ ಕುಂಕುಮ. ಪೂರ್ವಕ್ಕೆ ಹಾಲಿನ ಕಲೆ. ಕದರಪ್ಪ ಏನೂ ಕೇಳಲಿಲ್ಲ. ಹಿರಿಯನಾದವನು 'ಬೇರೆ ಆಗ್ತೀಯಾ' ಎಂದು ತಾನಾಗಿ ಬಾಯಿಬಿಟ್ಟು ಕೇಳಿದರೆ, ಅವನೇ ಮನೆ ಒಡೆದಂತಾಗುತ್ತದೆಂಬುದು ಅವರ ವಂಶದ ಗೀಳು. ಆ ರಾತ್ರಿ ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟೆದ್ದ. ಬಸ್ಸಿನ ಕುಲುಕಾಟಕ್ಕೆ ಅಣ್ಣನ ಹೊಟ್ಟೆ ಕೆಟ್ಟಿದೆಯೆಂದು ಓಬಳರಾಜು ಓಮದ ನೀರು ತಂದುಕೊಟ್ಟ.

ಶನಿವಾರ ಬೆಳಿಗ್ಗೆ ದೇವರೂ ಕೈಬಿಟ್ಟ. ಮನೆಮನೆ ಸಮೀಕ್ಷೆಗೆ ಮೇಷ್ಟ್ರು ಮುತ್ತುರಾಜ್ ಬಂದರು. ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಬಾಗಿಲಿಗೆ ಅಂಟಿಸುವ ಚೀಟಿ. ನವಿಲಿನ ಗೇಟು ನೋಡಿ ಅಲ್ಲಿಗೇ ಮೊದಲು ಹೋದರು. ಓಬಳರಾಜುವಿಗೆ ಖುಷಿಯೋ ಖುಷಿ, ಗಾಡಿ ನೋಡಲು ಸರ್ಕಾರವೇ ಬಂದಿದೆ.

"ಒಳಗೆ ಮಲಗೋ ವ್ಯವಸ್ಥೆ ಇದ್ಯಾ?"

"ಐತೆ ಸಾ. ಸ್ಪಂಜು."

"ನೀರಿನ ಸೌಕರ್ಯ?"

"ಬಿಸೀದೂ ಬತ್ತದೆ, ತಣ್ಣಂದೂ ಬತ್ತದೆ."

"ಶೌಚಾಲಯ?"

"ಕೂತ್ಕಂಡು ನೋಡಿ ಸಾ, ಸಂಕೋಚ ಮಾಡ್ಕಬ್ಯಾಡಿ."

ಮೇಷ್ಟ್ರು ಸಂಕೋಚ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದರು. "ಒಲೆ ಬೇರೆ ಇದ್ಯಾ? ಅದರಲ್ಲಿ ಬೇಯಿಸಿದ್ದೀರಾ?"

"ನಿನ್ನೇನೇ ಹಾಲುಕ್ಸಿದ್ವಿ ಸಾ!"

"ಹಾಗಾದ್ರೆ ಇದು ಬೇರೆ ಕುಟುಂಬ. ಒಂದು ಒಲೆಗೆ ಒಂದು ಕುಟುಂಬ, ನಮಗೆ ಹೇಳಿರೋದು ಹಾಗೇನೇ" ಎಂದು ಮೇಷ್ಟ್ರು ಚೀಟಿ ಎತ್ತಿದರು.

"ಅಯ್ಯೋ ಇದು ಗಾಡಿ ಸಾ! ಟಯರ್ ಐತೆ ನೋಡಿ!"

"ಟಯರ್ ಬಗ್ಗೆ ನಮಗೆ ಏನೂ ಹೇಳಿಲ್ಲ" ಎಂದು ಮೇಷ್ಟ್ರು ಶೆಡ್ಡಿನ ಬಾಗಿಲಿಗೆ ಚೀಟಿ ಅಂಟಿಸಿಯೇಬಿಟ್ಟರು. ಓಬಳರಾಜು ಚೀಟಿಯನ್ನು ಗಾಡಿಗೆ ಸಿಕ್ಕ ಮರ್ಯಾದೆಯೆಂದು ತಿಳಿದು ಮೇಲೊಂದು ಹೂವು ಸಿಕ್ಕಿಸಿದ. ಹಲ್ಲುಜ್ಜುತ್ತಾ ಬಂದ ಕದರಪ್ಪ ಚೀಟಿ ನೋಡಿದ, ಹೂವು ನೋಡಿದ. ಬಾಯಲ್ಲಿದ್ದುದನ್ನು ಉಗುಳದೆ ಒಳಗೆ ಹೋದ.

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಕರೆಂಟ್ ಹೋಗಿ ಗಿರಣಿ ನಿಂತಿತ್ತು, ಹಾಗಾಗಿ ಅವರ ಪಡಸಾಲೆಯಲ್ಲಿದ್ದೆ. ಕದರಪ್ಪ ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ಎರಡು ರಾಶಿ ಮಾಡುತ್ತಿದ್ದ. ಹೊಸ ಸ್ಟೀಲು, ಹಿತ್ತಾಳೆಯ ಹಂಡೆ, ಬೆಳ್ಳಿ ಲೋಟವೆಲ್ಲ ಒಂದು ಕಡೆ. ನೆಗ್ಗಿದ ತಟ್ಟೆ, ಹಿಡಿ ಮುರಿದ ಸೌಟು, ತಳ ಸೀದ ಪಾತ್ರೆ ಇನ್ನೊಂದು ಕಡೆ. ಗಂಗಲಕ್ಷ್ಮಿ ಕಂಬಕ್ಕೆ ಒರಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನನಗೆ ಅರ್ಥವಾಯಿತು. ಒಳ್ಳೆಯ ರಾಶಿ ತಮ್ಮನದು, ಕೆಟ್ಟದ್ದು ತನ್ನದು. ಹಿರಿಯರು ಪಾಲು ಹಂಚುವುದು ಹಾಗೆ.

ಅಷ್ಟರಲ್ಲಿ ಓಬಳರಾಜು ಸಿಳ್ಳೆ ಹಾಕುತ್ತಾ ಬಂದ.

"ಏನಣ್ಣ ಇದು?"

"ಈ ಕಡೇದು ನಿಂದು ಕಣ್ಲಾ" ಎಂದ ಕದರಪ್ಪ, ಅವನ ಮುಖ ನೋಡದೆ.

ಓಬಳರಾಜುವಿನ ಮುಖ ಅರಳಿತು. ಗಾಡಿಯ ಅಡುಗೆಗೆ ಅಣ್ಣ ಪಾತ್ರೆ ಆರಿಸಿಕೊಡುತ್ತಿದ್ದಾನೆ! ಬೀದಿಯಲ್ಲಿ ಇಂಥ ಅಣ್ಣ ಯಾರಿಗಿದ್ದಾನೆ?

"ನೀನೇ ಕೊಡ್ತೀಯ ಅಂತ ಗೊತ್ತಿತ್ತು ಕಣಣ್ಣ. ನಾನೇ ಕೇಳಾಣ ಅಂತಿದ್ದೆ!"

ಕದರಪ್ಪನ ಕೈಯ ಲೋಟ ಠಣ್ಣೆಂದು ಬಿತ್ತು. "ಕೇಳಾಣ ಅಂತಿದ್ಯಾ?"

"ಹೂ ಮತ್ತೆ! ಆದ್ರೆ ಈ ಹಂಡೆ ಬ್ಯಾಡ, ಜಾಗ ಹಿಡೀತದೆ. ಬೆಳ್ಳಿ ಲೋಟ ಬ್ಯಾಡ, ದಾರೀಲಿ ಕಳ್ದೋಯ್ತವೆ."

"ಅವ್ವನ ಒರಳು?" ಕದರಪ್ಪ ಮೂಲೆಯ ಒರಳಿನ ಕಡೆ ಕೈ ತೋರಿಸಿದ. "ಅದಾದ್ರೂ ತಗಳ್ಳಲ್ವೇನ್ಲಾ?"

"ಆ ಬಂಡೆ ಯಾಕಣ್ಣ? ಟಯರ್ ತಡೀತದಾ? ಮಿಕ್ಸಿ ಐತೆ, ಬುಡು."

ಗಂಗಲಕ್ಷ್ಮಿ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು. ಓಬಳರಾಜು ನಾಲ್ಕು ಪಾತ್ರೆ ಎದೆಗವುಚಿಕೊಂಡು ಸಿಳ್ಳೆ ಹಾಕುತ್ತಾ ಹೋದ. "ಲೇ ಓಬ್ಳ, ಲೇ..." ಎಂದು ನಾನು ಹಿಂದೆಯೇ ಹೊರಟೆ. ಹಾಳಾದ ಕರೆಂಟ್ ಬಂದುಬಿಟ್ಟಿತು, ಗಿರಣಿಯ ಮುಂದೆ ರಾಗಿ ಚೀಲ ಹೊತ್ತವರು ಕೂಗಾಡತೊಡಗಿದರು. ಹೊಟ್ಟೆಪಾಡು, ಹೋಗದೆ ಏನು ಮಾಡಲಿ?

ಮಧ್ಯಾಹ್ನದ ಹೊತ್ತಿಗೆ ಪಾವಗಡದಿಂದ ಒಂದು ಲಗೇಜ್ ಆಟೊ ಬಂತು. ಅದರ ಮೇಲೆ ಒಂದು ಗಾಡ್ರೇಜ್ ಬೀರು, ಅದನ್ನು ತಬ್ಬಿಕೊಂಡು ಶಿವಲಕ್ಷ್ಮಿಯ ಅಣ್ಣ ತಿಮ್ಮರಾಯಪ್ಪ. ಗೇಟಿನಿಂದಲೇ ತನ್ನ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಶುರುಮಾಡಿದ.

"ಏಮಿ ಬಾವಾ! ಹೊಸ ಇಲ್ಲು ಕಟ್ಟಿದ್ರಿ, ಹಾಲುಕ್ಸಿದ್ರಿ, ತವರು ಮನೇವ್ರಿಗೆ ಒಂದು ಮಾತು ಹೇಳ್ಲಿಲ್ಲ! ನಾವೇನು ಸಚ್ಚಿಪೋಯಿದ್ವಾ? ಹೋಗ್ಲಿ, ನಮ್ಮ ಮರ್ಯಾದೆ ನಾವು ಬಿಡಲ್ಲ, ಹೆಣ್ಣುಮಗಳಿಗೆ ಬೀರು ತಂದಿದೀನಿ. ಎಲ್ಲಿಡ್ಬೇಕು, ಚೂಪಿಂಚು, ತೋರ್ಸು!"

ಓಬಳರಾಜುವಿಗೆ ಇದೂ ಗಾಡಿಯ ಸಂಭ್ರಮಕ್ಕೆ ಬಂದ ಉಡುಗೊರೆಯೆಂದೇ ತೋರಿತು. "ಬೀರು ದೊಡ್ಡದಾಯ್ತು ಬಾವ, ಆದ್ರೂ ನೋಡಾಣ" ಎಂದು ಕೈಕೊಟ್ಟ. ಇಬ್ಬರೂ ಸೇರಿ ಬೀರುವನ್ನು ಗಾಡಿಯ ಬಾಗಿಲಿಗೆ ತುರುಕಿದರು. ಅರ್ಧ ಒಳಗೆ ಹೋಯಿತು, ಇನ್ನರ್ಧ ಹೊರಗೆ ನಿಂತಿತು. ಆಮೇಲೆ ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ.

"ಅಣ್ಣಾ, ನಂಗ್ಯಾಕೆ ಬೀರು?" ಎಂದು ಶಿವಲಕ್ಷ್ಮಿ ಕಂಗಾಲಾಗಿ ಕೇಳಿದಳು.

"ಬೇರೆ ಆದ್ಮೇಲೆ ಸೀರೆ ಎಲ್ಲಿ ಇಡ್ತೀಯಮ್ಮಾ, ನೆತ್ತಿ ಮೀದನಾ?"

"ಯಾರು ಬೇರೆ ಆಗಿರಾದು?"

"ನೀವೇ!"

ಶಿವಲಕ್ಷ್ಮಿ ಅಲ್ಲೇ ನಲ್ಲಿಯ ಕೆಳಗೆ ಕುಸಿದು ಕುಳಿತಳು. ಬೆಳಿಗ್ಗೆಯ ಪಾತ್ರೆಗಳು ಅವಳ ಕಣ್ಣ ಮುಂದೆ ಸಾಲಾಗಿ ಬಂದವು. "ಅಯ್ಯೋ, ಬಾವ ಪಾತ್ರೆ ಕೊಟ್ಟಿದ್ದು ಟ್ರಿಪ್ಪಿಗಲ್ಲ ಕಣ್ರೀ! ಪಾಲು ಕೊಟ್ಟವ್ರೆ! ನಮ್ನ ಹೊರಕ್ಕೆ ಹಾಕವ್ರೆ!"

ಆಗ ಓಬಳರಾಜುವಿನ ಬಾಯಲ್ಲಿದ್ದ ವಿಜಿಲ್ ಕೆಳಕ್ಕೆ ಬಿತ್ತು. ಅಣ್ಣ ತನ್ನನ್ನು ಹೊರಗೆ ಹಾಕಿದ! ತಾನೇನು ಮಾಡಿದ? ಹೆಂಚು ಒಡೆದ, ಅಷ್ಟಕ್ಕೆ ಪಾಲಾ? ಕೇಳೋಣವೆಂದರೆ ಇವನೂ ಅದೇ ವಂಶದವನು. ಹೋಗು ಎಂದವರ ಮುಂದೆ ನಿಂತು ಯಾಕೆ ಎಂದು ಕೇಳುವುದು ಮಾನಗೇಡು. ಒಬ್ಬ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತ, ಇನ್ನೊಬ್ಬ ಶೆಡ್ಡಿನಲ್ಲಿ ಬೀರುವಿಗೆ ಮುಖ ಮಾಡಿ ಕುಳಿತ. ಅಂದು ಆ ಮನೆಯಲ್ಲಿ ಯಾವ ಒಲೆಯೂ ಉರಿಯಲಿಲ್ಲ. ಎರಡೂ ಕಡೆಗೆ ನಮ್ಮ ಮನೆಯಿಂದ ಉಪ್ಪಿಟ್ಟು ಹೋಯಿತು, ಎರಡೂ ಕಡೆಯಿಂದ ಹಾಗೇ ವಾಪಸ್ಸು ಬಂತು.

ಭಾನುವಾರ ಪಂಚಾಯ್ತಿ. ಚಿಕ್ಕಕ್ಕ ತೋವಿನಕೆರೆಯಿಂದ ಊರುಗೋಲು ಹಿಡಿದು ಬಂದಳು. ನೆರಳಿರುವುದು ಶೆಡ್ಡಿನಲ್ಲೇ ಆದ್ದರಿಂದ ಅಲ್ಲೇ ಜಮಖಾನ ಹಾಸಿದರು. ಬೀರುವನ್ನು ಕತ್ತರಿಸಿ ಬಿಡಿಸಲು ಕರೆಸಿದ್ದ ಸಾದಿಕ್ಕೂ ಒಂದು ಮೂಲೆಯಲ್ಲಿ ಕುಳಿತ. ಅಣ್ಣ ತಮ್ಮ ಎದುರುಬದುರು ಕುಳಿತು, ಒಬ್ಬ ಬೆಟ್ಟ ನೋಡಿದ, ಇನ್ನೊಬ್ಬ ನವಿಲು ನೋಡಿದ. ಇಬ್ಬರ ಮುಖವೂ ಬಾಡಿಹೋಗಿತ್ತು.

"ಬೇರೆ ಆಗ್ಬೇಕು ಅಂದೋರು ಯಾರು? ಬೊಗಳ್ರಲಾ" ಎಂದಳು ಚಿಕ್ಕಕ್ಕ.

"ನಾನಲ್ಲ. ಅವ್ನು" ಎಂದ ಕದರಪ್ಪ.

"ನಾನಲ್ಲ. ಅವ್ನು" ಎಂದ ಓಬಳರಾಜು.

"ಲೇ ಓಬ್ಳ, ಒಲೆ ಹೂಡ್ದೋನು ನೀನು ಕಣ್ಲಾ!" ಎಂದು ಕದರಪ್ಪ ಗದರಿದ.

"ನಾನು ಒಲೆ ಹೂಡಿದ್ನಾ? ಟೀ ಕುಡ್ಯಾಕೆ ಹೋದೆ! ಪಾತ್ರೆ ಹಂಚ್ದೋನು ನೀನು!"

"ಹಂಚಿದ್ರೆ, ಬ್ಯಾಡ ಅಣ್ಣ ಅಂತ ಒಂದು ಮಾತು ಅಂದ್ಯಾ? ಸಿಳ್ಳೆ ಹಾಕ್ಕಂಡು ಎತ್ಕಂಡೋದ್ಯಲ್ಲಾ!"

"ಟ್ರಿಪ್ಪಿಗೆ ಕೊಟ್ಟೆ ಅಂದ್ಕಂಡೆ ಕಣಣ್ಣ!"

"ಮನೆ ಅಂತ ಚೀಟಿ ಅಂಟಿಸ್ಕಂಡು ಹೂವು ಮುಡ್ಸಿದ್ಯಲ್ಲಾ!"

"ಗಾಡಿಗೆ ಬಹುಮಾನ ಅಂದ್ಕಂಡೆ ಕಣಣ್ಣ!"

ಪಂಚಾಯ್ತಿ ಗೊಂದಲಕ್ಕೆ ಬಿತ್ತು. ಬೇರೆಯಾಗುತ್ತೇವೆಂದು ಜಗಳವಾಡುವವರನ್ನು ಅವರು ಕಂಡಿದ್ದರು. ನಾನು ಬೇರೆಯಾಗಲೇ ಇಲ್ಲವೆಂದು ಹೀಗೆ ಕೊರಳ ಪಟ್ಟಿ ಹಿಡಿಯುವವರನ್ನು ಯಾರೂ ಕಂಡಿರಲಿಲ್ಲ.

"ಮತ್ತೆ ಬೇರೆ ಆಗಿರೋದು ಯಾರು?" ಎಂದ ತಿಮ್ಮರಾಯಪ್ಪ.

"ಬೀರು" ಎಂದ ಸಾದಿಕ್ ಮೂಲೆಯಿಂದ. "ಅರ್ಧ ಒಳಗೆ, ಅರ್ಧ ಹೊರಗೆ."

ಎಲ್ಲರೂ ಹೋ ಎಂದು ನಕ್ಕರು. ಶಿವಲಕ್ಷ್ಮಿ, ಗಂಗಲಕ್ಷ್ಮಿ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅಳುತ್ತಲೇ ನಕ್ಕರು. ಕದರಪ್ಪ ನಗಲಿಲ್ಲ.

"ಪಾಲು ಬ್ಯಾಡ, ಸರಿ" ಎಂದ ನಿಧಾನವಾಗಿ. "ಆದ್ರೂ ನೀನು ಗಾಡಿ ತಂದಿದ್ದು ನಮ್ನೆಲ್ಲ ಬುಟ್ಟು ಹೆಂಡ್ತಿ ಜತೆ ಓಡಾಡಾಕೆ ತಾನೇ? ಇವತ್ತು ಟ್ರಿಪ್ಪು ಅಂತೀಯ. ನಾಳೆ ಅಲ್ಲೇ ಚೆನ್ನಾಗೈತೆ ಅಂತೀಯ. ಹಂಗೇ ಅಲ್ವಾ ಎಲ್ಲರೂ ಬೇರೆ ಆಗಾದು?"

ಓಬಳರಾಜು ದಡಕ್ಕನೆ ಎದ್ದು ನಿಂತ. ಅಣ್ಣನ ಮುಂದೆ ಅವನು ಅಷ್ಟು ಸಿಟ್ಟಾದುದನ್ನು ನಾನು ಅದೇ ಮೊದಲು ಕಂಡದ್ದು.

"ಎಲ್ಡು ಹಾಸ್ಗೇದು ಚಿಕ್ಕ ಗಾಡಿನೂ ಇತ್ತು ಕಣಣ್ಣ ಅಲ್ಲಿ! ನಮ್ಮ ಕೊಟ್ಟಿಗೇಲೇ ನಿಲ್ತಿತ್ತು. ಹೆಂಚು ಒಡೀತಿರ್ಲಿಲ್ಲ, ಶೆಡ್ಡು ಬ್ಯಾಡ, ಗೇಟು ಬ್ಯಾಡ, ಈ ನವಿಲು ಬ್ಯಾಡ. ನಾನೇ ಹಠ ಹಿಡ್ದು ನಾಕು ಹಾಸ್ಗೇದು ತಂದೆ. ನಾಕು ಯಾಕೆ ಅಂತ ಇಷ್ಟು ದಿನದಲ್ಲಿ ಒಬ್ರಾದ್ರೂ ಕೇಳಿದ್ರಾ? ನಿನ್ನ ಬುಟ್ಟು ನಾನು ಯಾವತ್ತಣ್ಣ ಎಲ್ಲಿಗೆ ಹೋಗಿದ್ದೆ? ಮೊದ್ಲೇ ಹೇಳಿದ್ರೆ ವ್ಯಾಪಾರ ಬುಟ್ಟು ಬರಲ್ಲ ಅಂತೀಯ, ಅದ್ಕೇ ಹೊರಡೋ ದಿನ ಎತ್ಕಂಡೋಗಿ ಕೂರುಸ್ಕಳಾಣ ಅಂತಿದ್ದೆ!"

ಕದರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ, ಇನ್ನೊಂದು ಸಲ ಒರೆಸಿಕೊಂಡ.

"ನಂದು ಯಾವ್ದ್ಲಾ ಅದ್ರಾಗೆ?"

"ಕೆಳಗಿಂದು. ಕಿಟಕಿ ಪಕ್ಕದ್ದು. ಮೊಣಕಾಲು ನೋವು, ಮ್ಯಾಲೆ ಹತ್ತಾಕೆ ಆಗಲ್ಲ ನಿಂಗೆ" ಎಂದ ಓಬಳರಾಜು, ಇನ್ನೂ ಸಿಟ್ಟಿನಲ್ಲೇ.

"ಉದ್ದ ಸಾಕಾಯ್ತದಾ ನೋಡ್ತೀನಿ ತಡಿ" ಎಂದು ಕದರಪ್ಪ ಎದ್ದ. ಅದುಮಿ ನೋಡದೆ ಅವನು ಏನನ್ನೂ ಒಪ್ಪುವವನಲ್ಲ. ಪಂಚಾಯ್ತಿಯೆಲ್ಲ ಎದ್ದು, ಐಸಾ ಎಂದು ಬೀರು ಎಳೆದು ಹೊರಗೆ ಹಾಕಿತು. ತಿಮ್ಮರಾಯಪ್ಪ ಬೀರುವಿನ ಜೊತೆಗೇ ನಲ್ಲಿಯ ಪಕ್ಕಕ್ಕೆ ಬಿದ್ದ. ಕದರಪ್ಪ ಒಳಗೆ ಹೋದ, ಹಾಸಿಗೆ ಅದುಮಿದ, ಮಲಗಿದ, ಕಾಲು ಚಾಚಿದ. ನಾವೆಲ್ಲ ತೀರ್ಪಿಗಾಗಿ ಬಾಗಿಲಲ್ಲಿ ಕಾದೆವು. ಕಾದೆವು, ಕಾದೆವು. ಒಳಗಿನಿಂದ ಗೊರಕೆ ಕೇಳಿಸಿತು.

"ಶುಕ್ರವಾರದಿಂದ ಕಣ್ರೆಪ್ಪೆ ಮುಚ್ಚಿಲ್ಲ ಕಣಮ್ಮ" ಎಂದಳು ಗಂಗಲಕ್ಷ್ಮಿ ಮೆಲ್ಲಗೆ.

ತಿಮ್ಮರಾಯಪ್ಪ ಬಟ್ಟೆ ಕೊಡವಿಕೊಳ್ಳುತ್ತಾ ಎದ್ದು, "ಮತ್ತೆ ನನ್ನ ಬೀರು ಸಂಗತಿ ಏಮಿ?" ಎಂದು ಗುಡುಗಿದ.

ಚಿಕ್ಕಕ್ಕ ಊರುಗೋಲಿನಿಂದ ಅವನ ಕಾಲಿಗೆ ಒಂದು ಬಿಟ್ಟಳು. "ಮೆತ್ತಗೆ ಮಾತಾಡ್ಲಾ! ಮಗ ಮಲಗವ್ನೆ."

ಅರವತ್ತು ದಾಟಿದ ಆ ಮಗು ಏಳಬಾರದೆಂದು ಪಂಚಾಯ್ತಿಗೆ ಬಂದವರೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ನಡೆದು ಹೊರಟರು. ನಾನು ಗೇಟಿನಿಂದ ತಿರುಗಿ ನೋಡಿದೆ. ಓಬಳರಾಜು ಗಾಡಿಯೊಳಗೆ ಅಣ್ಣನ ಕಾಲ ಬಳಿ ಕುಳಿತು, ನೊಣ ಕೂರದಂತೆ ಟವೆಲ್ ಬೀಸುತ್ತಿದ್ದ.